ಸಾಲು ಉದ್ದವಾದಷ್ಟೂ ವ್ಯಾಪಾರ ಕಡಿಮೆ, ಬಾಯಾರಿಕೆ ಹೆಚ್ಚು

ಐಪಿಎಲ್‌ನ ಹಗಲಿನ ಪಂದ್ಯ ಶುರುವಾಗುವುದು ಮಧ್ಯಾಹ್ನ 3.30ಕ್ಕೆ. ಟಿಕೆಟ್ ಕೈಯಲ್ಲಿದ್ದರೂ ನೀವು ಒಂದೂವರೆ ಗಂಟೆಗೇ ಗೇಟಿನ ಬಳಿ ನಿಂತಿರುತ್ತೀರಿ. ನೆತ್ತಿಯ ಮೇಲೆ ಬಿಸಿಲು, ಪಕ್ಕದಲ್ಲಿ ಮಕ್ಕಳು. ಮನೆಯಿಂದ ತಂದ ನೀರಿನ ಬಾಟಲಿಯನ್ನು ತಪಾಸಣೆಯವರು ಹೊರಗೇ ಇರಿಸಿಕೊಂಡಿದ್ದಾರೆ. ಒಳಗೆ ಹೋದ ಮೇಲೆ ಕೊಂಡರಾಯಿತು ಎಂದು ಸಮಾಧಾನ ಮಾಡಿಕೊಂಡು ಒಳಗೆ ಹೋದರೆ, ಅಂಗಡಿಯ ಮುಂದೆ ಇನ್ನೊಂದು ಸಾಲು. ಅಷ್ಟರಲ್ಲಿ ಮೈದಾನದಲ್ಲಿ ಯಾರೋ ಸಿಕ್ಸರ್ ಹೊಡೆದ ಗದ್ದಲ ಕೇಳಿಸುತ್ತದೆ. ನೀರು ಆಮೇಲೆ ಕುಡಿದರಾಯಿತು ಎಂದು ನೀವು ಸಾಲು ಬಿಟ್ಟು ಆಸನಕ್ಕೆ ಓಡುತ್ತೀರಿ.

ಆ ಅಂಗಡಿಯವನಿಗೆ ಒಂದು ವ್ಯಾಪಾರ ಹೋಯಿತು. ನಿಮ್ಮ ಮೈಯಿಂದ ಹೋದದ್ದು ಬೆವರು, ಅದರ ಜಾಗಕ್ಕೆ ಏನೂ ಬರಲಿಲ್ಲ. ಆರೋಗ್ಯದ ಅಂಕಣದಲ್ಲಿ ವ್ಯಾಪಾರದ ಮಾತೇಕೆ ಎಂದು ನೀವು ಕೇಳಬಹುದು. ಕ್ರೀಡಾಂಗಣದಲ್ಲಿ ಇವೆರಡೂ ಒಂದೇ ನಾಣ್ಯದ ಎರಡು ಮುಖಗಳು. ಸಾಲು ಎಷ್ಟು ಉದ್ದವಿದೆ ಎಂಬುದೇ ಅಲ್ಲಿ ಏನು ಮಾರಾಟವಾಗಬೇಕು, ಎಷ್ಟು ಮಾರಾಟವಾಗಬೇಕು ಎಂಬುದನ್ನು ನಿರ್ಧರಿಸುತ್ತದೆ. ನಾಲ್ಕೈದು ಗಂಟೆಗಳ ಕಾಲ ನಿಮ್ಮ ಹೊಟ್ಟೆಗೆ ಏನು ಬೀಳುತ್ತದೆ ಎಂಬುದೂ ಅದರಿಂದಲೇ ತೀರ್ಮಾನವಾಗುತ್ತದೆ.

ಇಪ್ಪತ್ತು ನಿಮಿಷದ ಸಂತೆ

ಟಿ-20 ಪಂದ್ಯದಲ್ಲಿ ಎರಡು ಇನಿಂಗ್ಸ್‌ಗಳ ನಡುವಿನ ವಿರಾಮ 20 ನಿಮಿಷ. ಬೆಂಗಳೂರಿನ ಎಂ. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಸುಮಾರು 35 ಸಾವಿರ ಜನ ಕೂರಬಹುದು. ಅವರಲ್ಲಿ ನಾಲ್ಕರಲ್ಲಿ ಒಬ್ಬರು ಮಾತ್ರ ವಿರಾಮದಲ್ಲಿ ಎದ್ದು ಅಂಗಡಿಗೆ ಹೊರಟರೆನ್ನಿ. ಆಗಲೇ 8,750 ಮಂದಿಯಾದರು. ಕೇಳುವುದು, ಕೊಡುವುದು, ಹಣ, ಚಿಲ್ಲರೆ ಎಲ್ಲ ಸೇರಿ ಒಬ್ಬ ಗಿರಾಕಿಗೆ ಅರ್ಧ ನಿಮಿಷ ಹಿಡಿದರೆ ಒಂದು ಕಿಟಕಿಯಲ್ಲಿ 20 ನಿಮಿಷಕ್ಕೆ 40 ಜನರಿಗೆ ಸಾಮಾನು ಸಿಗುತ್ತದೆ. ಎಲ್ಲರಿಗೂ ಸಿಗಬೇಕಾದರೆ ಸುಮಾರು 219 ಕಿಟಕಿಗಳು ಬೇಕು! ಅದೇ ಒಬ್ಬ ಗಿರಾಕಿಗೆ ಹಿಡಿಯುವ ಕಾಲವನ್ನು 30 ಸೆಕೆಂಡಿನಿಂದ 20 ಸೆಕೆಂಡಿಗೆ ಇಳಿಸಿದರೆ 146 ಸಾಕು. ಹತ್ತು ಸೆಕೆಂಡಿನ ಬೆಲೆ ಎಷ್ಟೆಂದು ಇದರಿಂದ ತಿಳಿಯುತ್ತದೆ. ಇನಿಂಗ್ಸ್ ನಡುವೆ ಬರುವ ಎರಡೂವರೆ ನಿಮಿಷದ ತಂತ್ರಗಾರಿಕೆಯ ವಿರಾಮವಂತೂ ಒಂದು ಕಿಟಕಿಯಲ್ಲಿ ಐದು ಜನರಿಗೆ ಮಾತ್ರ ಸಾಕಾಗುತ್ತದೆ.

ಸಾಲಿಗೆ ಇನ್ನೊಂದು ವಿಚಿತ್ರ ಗುಣವಿದೆ. ಅದು ಜನ ಹೆಚ್ಚಾದಂತೆ ನಿಧಾನವಾಗಿ ಬೆಳೆಯುವುದಿಲ್ಲ, ಒಂದು ಹಂತದ ನಂತರ ಹಠಾತ್ತನೆ ಉಬ್ಬುತ್ತದೆ. ಡೆನ್ಮಾರ್ಕಿನ ಗಣಿತಜ್ಞ ಎರ್ಲಾಂಗ್ ಕೋಪನ್‌ಹೇಗನ್ ನಗರದ ದೂರವಾಣಿ ಕರೆಗಳನ್ನು ಅಭ್ಯಾಸ ಮಾಡಿ 1909ರಲ್ಲಿ ಪ್ರಕಟಿಸಿದ ಲೇಖನದಿಂದ ಈ ಶಾಸ್ತ್ರ ಆರಂಭವಾಯಿತು. ಗಂಟೆಗೆ 120 ಜನರಿಗೆ ಕೊಡಬಲ್ಲ ಒಂದು ಕಿಟಕಿಗೆ ಗಂಟೆಗೆ 96 ಜನ ಬಂದರೆ ಅಲ್ಲಿ ಸರಾಸರಿ ನಾಲ್ಕು ಜನ ಇರುತ್ತಾರೆ. 108 ಬಂದರೆ ಒಂಬತ್ತು. 114 ಬಂದರೆ ಹತ್ತೊಂಬತ್ತು! ಗಂಟೆಗೆ ಬರೀ ಆರು ಜನ ಹೆಚ್ಚಿದ್ದಕ್ಕೆ ಸಾಲು ಎರಡು ಪಟ್ಟಾಯಿತು. ಜನ ಗಡಿಯಾರ ನೋಡಿಕೊಂಡು ಸಮ ಅಂತರದಲ್ಲಿ ಬರುವುದಿಲ್ಲ, ಗುಂಪಾಗಿ ಬರುತ್ತಾರೆ. ಹಾಗಾಗಿ ಹೀಗಾಗುತ್ತದೆ. ಮದುವೆ ಮನೆಯ ಊಟದ ಹಾಲ್ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸಾಲನ್ನು ಕಂಡ ಗಿರಾಕಿ ಮೂರು ಕೆಲಸಗಳಲ್ಲಿ ಒಂದನ್ನು ಮಾಡುತ್ತಾನೆ. ದೂರದಿಂದಲೇ ನೋಡಿ ಹಿಂದಿರುಗುತ್ತಾನೆ. ಅಥವಾ ಸ್ವಲ್ಪ ಹೊತ್ತು ನಿಂತು, ಬೇಸರವಾಗಿ ಹೊರಟುಹೋಗುತ್ತಾನೆ. ಅಥವಾ ಕೊನೆಯವರೆಗೂ ನಿಂತು, ಇನ್ನೊಮ್ಮೆ ಬರುವ ಕಷ್ಟ ಬೇಡವೆಂದು ಬೇಕಾದ್ದಕ್ಕಿಂತ ಹೆಚ್ಚು ಕೊಳ್ಳುತ್ತಾನೆ. ಮೊದಲೆರಡರಲ್ಲಿ ಅಂಗಡಿಗೆ ನಷ್ಟ. ಮೂರನೆಯದರಲ್ಲಿ ಅಂಗಡಿಗೆ ಲಾಭ, ನಿಮ್ಮ ಹೊಟ್ಟೆಗೆ ನಷ್ಟ. ಒಂದು ಸಮೋಸ ಸಾಕಾಗಿದ್ದವನು ಮೂರು ತರುತ್ತಾನೆ. ತಂದ ಮೇಲೆ ತಿಂದೇ ತಿನ್ನುತ್ತಾನೆ.

ಕ್ರೀಡಾಂಗಣದಲ್ಲಿ ಸಾಲಿಗೆ ತೆರುವ ಬೆಲೆ ಬರೀ ಸಮಯವಲ್ಲ, ಆಟವೇ. 1996ರ ಮಾರ್ಚ್ 9ರಂದು ಇದೇ ಬೆಂಗಳೂರಿನಲ್ಲಿ ಭಾರತ-ಪಾಕಿಸ್ತಾನ ವಿಶ್ವಕಪ್ ಕ್ವಾರ್ಟರ್ ಫೈನಲ್ ನಡೆದಾಗ, ಅಜಯ್ ಜಡೇಜ 25 ಎಸೆತಗಳಲ್ಲಿ 45 ರನ್ ಚಚ್ಚುತ್ತಿದ್ದ ಹೊತ್ತಿಗೆ ಯಾರಾದರೂ ನೀರಿಗಾಗಿ ಸಾಲಿನಲ್ಲಿ ನಿಂತಿದ್ದರೆ ಅವರನ್ನು ಮನೆಯವರು ಈಗಲೂ ಹಂಗಿಸುತ್ತಿರಬೇಕು. ಆದ್ದರಿಂದಲೇ ಪ್ರೇಕ್ಷಕ ಬಾಯಾರಿಕೆ, ಹಸಿವು, ಮೂತ್ರ ಮೂರನ್ನೂ ತಡೆದುಕೊಂಡು ಕೂರುತ್ತಾನೆ.

ಸಾಲೇ ಬರೆಯುವ ತಿಂಡಿಪಟ್ಟಿ

ಕ್ರೀಡಾಂಗಣದಲ್ಲಿ ಹಣ್ಣಿನ ಹೋಳು, ಮಜ್ಜಿಗೆ, ಎಳನೀರು, ಬಿಸಿ ಇಡ್ಲಿ ಏಕೆ ಸುಲಭವಾಗಿ ಸಿಗುವುದಿಲ್ಲ ಎಂದು ಯೋಚಿಸಿದ್ದೀರಾ? ಬೇಡಿಕೆ ಇಲ್ಲವೆಂಬುದು ಪೂರ್ತಿ ನಿಜವಲ್ಲ. ಎಳನೀರು ಕೆತ್ತಲು ಹೊತ್ತು ಬೇಕು, ಹಣ್ಣು ಹೆಚ್ಚಲು ಹೊತ್ತು ಬೇಕು, ಇಡ್ಲಿಗೆ ಚಟ್ನಿ ಬಡಿಸಲೂ ಹೊತ್ತು ಬೇಕು. ಪೊಟ್ಟಣದ ಚಿಪ್ಸ್, ಮೊದಲೇ ತುಂಬಿಟ್ಟ ತಂಪು ಪಾನೀಯ, ಮೊದಲೇ ಮಾಡಿ ಪೇರಿಸಿಟ್ಟ ಪಫ್ ಮತ್ತು ಸಮೋಸ, ಇವನ್ನು ಎತ್ತಿ ಕೊಟ್ಟರೆ ಮುಗಿಯಿತು. ಸಾಲಿನ ಒತ್ತಡವಿರುವ ಅಂಗಡಿಯವನು ಬೇಗ ಕೊಡಬಹುದಾದ್ದನ್ನೇ ಇಟ್ಟುಕೊಳ್ಳುತ್ತಾನೆ. ಬೇಗ ಕೊಡಬಹುದಾದದ್ದೆಲ್ಲ ಬಹುತೇಕ ಸಿಹಿ, ಉಪ್ಪು ಅಥವಾ ಎಣ್ಣೆ. ಇದರಲ್ಲಿ ಅವನ ದುರುದ್ದೇಶವನ್ನು ಹುಡುಕಬೇಕಾಗಿಲ್ಲ, ಗಡಿಯಾರವೇ ಹಾಗೆ ಮಾಡಿಸುತ್ತದೆ.

300 ಮಿಲಿಲೀಟರ್‌ನ ಒಂದು ಕೋಲಾದಲ್ಲಿ 30 ಗ್ರಾಂಗೂ ಹೆಚ್ಚು ಸಕ್ಕರೆ ಇರುತ್ತದೆ, ಎಂದರೆ ಆರು ಚಮಚಕ್ಕಿಂತ ಮೇಲೆ. ಬೆರೆಸಿದ ಸಕ್ಕರೆಯನ್ನು ದಿನಕ್ಕೆ ಸುಮಾರು 25 ಗ್ರಾಂ ಒಳಗೆ ಇರಿಸಿಕೊಂಡರೆ ಇನ್ನೂ ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸೂಚಿಸಿತು. ಬಾಯಾರಿಕೆಗೆಂದು ಕುಡಿದ ಒಂದೇ ಬಾಟಲಿ ಇಡೀ ದಿನದ ಪಾಲನ್ನು ಮುಗಿಸುತ್ತದೆ. ಜೊತೆಗೆ ಉಪ್ಪಿನ ಚಿಪ್ಸ್ ತಿಂದರೆ ಮತ್ತೆ ಬಾಯಾರಿಕೆ, ಮತ್ತೆ ಸಾಲು.

ಮೊದಲೇ ಮಾಡಿ ಪೇರಿಸಿಟ್ಟ ತಿಂಡಿಗೆ ಇನ್ನೊಂದು ಅಪಾಯವಿದೆ. 5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್‌ವರೆಗಿನ ಶಾಖದಲ್ಲಿ ಬ್ಯಾಕ್ಟೀರಿಯಾಗಳು ಚೆನ್ನಾಗಿ ಬೆಳೆಯುತ್ತವೆ. ಬೇಯಿಸಿದ ಆಹಾರವನ್ನು ಈ ಸ್ಥಿತಿಯಲ್ಲಿ ಎರಡು ಗಂಟೆಗಿಂತ ಹೆಚ್ಚು ಇಡಬಾರದು. ಹವೆಯ ಬಿಸಿ 32 ಡಿಗ್ರಿ ಮೀರಿದ್ದರೆ ಒಂದೇ ಗಂಟೆ. ಮಧ್ಯಾಹ್ನ ಎರಡಕ್ಕೆ ಬೇಯಿಸಿದ ಚಿಕನ್ ರೋಲ್ ಸಂಜೆ ಐದಕ್ಕೆ ನಿಮ್ಮ ಕೈಗೆ ಬೆಚ್ಚಗೆ ಬಂದರೆ ಸಂತೋಷಪಡಬೇಡಿ. ಹಬೆಯಾಡುವಷ್ಟು ಬಿಸಿಯಿರಬೇಕು ಅಥವಾ ಚೆನ್ನಾಗಿ ತಣ್ಣಗಿರಬೇಕು. ಬರೀ ಬೆಚ್ಚಗಿನದು ಬೇಡ. ಅವಸರದಲ್ಲಿ ಒಂದೇ ಕೈ ನೋಟನ್ನೂ ರೋಲನ್ನೂ ಹಿಡಿಯುವುದನ್ನು ನೀವೇ ಕಂಡಿರುತ್ತೀರಿ.

ಬೆಲೆ ಇಳಿಸಿ ಸಾಲು ಕರಗಿಸಿದವರು

ಅಮೆರಿಕದ ಅಟ್ಲಾಂಟಾ ನಗರದಲ್ಲಿ 2017ರಲ್ಲಿ ಮರ್ಸಿಡಿಸ್ ಬೆಂಜ್ ಕ್ರೀಡಾಂಗಣ ತೆರೆದಾಗ ಅಲ್ಲಿನವರು ಒಂದು ಹೊಸ ದಾರಿ ಹಿಡಿದರು. ಹಾಟ್ ಡಾಗ್‌ಗೆ 2 ಡಾಲರ್, ನೀರಿನ ಬಾಟಲಿಗೆ 2 ಡಾಲರ್. ತೆರಿಗೆಯನ್ನೂ ಬೆಲೆಯಲ್ಲೇ ಸೇರಿಸಿ ಎಲ್ಲವನ್ನೂ ಪೂರ್ಣ ಡಾಲರ್‌ಗಳಿಗೆ ಸರಿಹೊಂದಿಸಿದ್ದರಿಂದ ಚಿಲ್ಲರೆ ಎಣಿಸುವ ಕೆಲಸವೇ ಉಳಿಯಲಿಲ್ಲ. ಪಾನೀಯದ ಲೋಟ ಕೊಂಡವರು ತಾವೇ ನಲ್ಲಿಯಿಂದ ತುಂಬಿಸಿಕೊಳ್ಳಬೇಕು, ಎರಡನೇ ಸಲಕ್ಕೆ ಸಾಲಿಲ್ಲ. ಹಳೆಯ ಕ್ರೀಡಾಂಗಣದ ಬೆಲೆಗಿಂತ ಇವು ಸುಮಾರು ಅರ್ಧ. ಆದರೂ ಮೊದಲ ವರ್ಷವೇ ಪ್ರೇಕ್ಷಕನೊಬ್ಬ ತಿಂಡಿ-ಪಾನೀಯಕ್ಕೆ ಮಾಡುವ ಸರಾಸರಿ ಖರ್ಚು ಹಿಂದಿನ ವರ್ಷಕ್ಕಿಂತ ಶೇ 16ರಷ್ಟು ಏರಿತೆಂದು ಕ್ರೀಡಾಂಗಣದವರೇ ಹೇಳಿದರು. ಬೆಲೆ ಇಳಿದದ್ದೂ ಕಾರಣ, ಸಾಲು ಬೇಗ ಸರಿದದ್ದೂ ಕಾರಣ.

ವೈದ್ಯಕೀಯ ದೃಷ್ಟಿಯಿಂದ ಈ ಕಥೆ ಪೂರ್ತಿ ಸಿಹಿಯಲ್ಲ, ಅಥವಾ ತೀರ ಸಿಹಿ ಎನ್ನಬೇಕೋ! ಎಷ್ಟು ಬೇಕಾದರೂ ತುಂಬಿಸಿಕೊಳ್ಳಬಹುದಾದ ಕೋಲಾವನ್ನು ಯಾವ ವೈದ್ಯರೂ ಮೆಚ್ಚಲಾರರು. ಅಟ್ಲಾಂಟಾ ಕೋಕಾ ಕೋಲಾದ ತವರೂರು ಎಂಬುದನ್ನೂ ಮರೆಯಬೇಡಿ. ಆದರೆ ಅದೇ ಏರ್ಪಾಟನ್ನು ಕುಡಿಯುವ ನೀರಿಗೆ ಮಾಡಿದರೆ ಹೇಗೆ? ಪ್ರತಿ ಗ್ಯಾಲರಿಯ ಹಿಂದೆ ನಾಲ್ಕು ಶುದ್ಧ ನೀರಿನ ನಲ್ಲಿ, ಜೊತೆಗೆ ಕಾಗದದ ಲೋಟ. ನೀರಿಗೆ ಬರುವವರು ಅಂಗಡಿಯ ಸಾಲಿನಿಂದ ಹೊರಬಂದರೆ ಉಳಿದವರಿಗೆ ಸಾಲು ಸಣ್ಣದಾಗುತ್ತದೆ, ಅಂಗಡಿಯ ವ್ಯಾಪಾರವೂ ಕೆಡುವುದಿಲ್ಲ. ಬಾಟಲಿ ಒಳಗೆ ಬಿಡಿ ಎಂದು ನಾನು ವಾದಿಸುವುದಿಲ್ಲ. 1996ರ ಮಾರ್ಚ್ 13ರಂದು ಕಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ಪ್ರೇಕ್ಷಕರು ಬಾಟಲಿ ಎಸೆದು ವಿಶ್ವಕಪ್ ಸೆಮಿಫೈನಲ್ ನಿಂತುಹೋಗಿ, ಪಂದ್ಯವನ್ನು ಶ್ರೀಲಂಕಾಕ್ಕೆ ಕೊಟ್ಟದ್ದು ನೆನಪಿದೆಯಲ್ಲ. ಆದರೆ ಬಾಟಲಿ ಕಿತ್ತುಕೊಂಡವರು ನೀರು ಕೊಡುವ ಹೊಣೆಯನ್ನೂ ಹೊರಬೇಕು.

ನಿಂತಲ್ಲೇ ನಿಂತರೆ ಏನಾಗುತ್ತದೆ?

ನಡೆಯುವಾಗ ಕಾಲಿನ ಮೀನಖಂಡದ ಸ್ನಾಯುಗಳು ರಕ್ತವನ್ನು ಹಿಂಡಿ ಮೇಲಕ್ಕೆ, ಹೃದಯದ ಕಡೆಗೆ ತಳ್ಳುತ್ತವೆ. ಆದ್ದರಿಂದ ಅವನ್ನು ಎರಡನೆಯ ಹೃದಯ ಎನ್ನುವುದುಂಟು. ಅಲುಗಾಡದೆ ನಿಂತಾಗ ಈ ಪಂಪು ನಿಂತು, ಅರ್ಧ ಲೀಟರಿಗೂ ಹೆಚ್ಚು ರಕ್ತ ಸೊಂಟದ ಕೆಳಗೆ ಶೇಖರವಾಗುತ್ತದೆ. ಬಿಸಿಲಿಗೆ ಚರ್ಮದ ರಕ್ತನಾಳಗಳೂ ಹಿಗ್ಗಿರುತ್ತವೆ, ಬೆವರಿನಿಂದ ನೀರಿನಂಶವೂ ಕಡಿಮೆಯಾಗಿರುತ್ತದೆ. ಮೂರೂ ಸೇರಿ ರಕ್ತದೊತ್ತಡ ಇಳಿದು, ಮಿದುಳಿಗೆ ರಕ್ತ ಸಾಲದೆ, ಮನುಷ್ಯ ಕುಸಿಯುತ್ತಾನೆ. ಆರೋಗ್ಯವಂತ ಯುವಕರೂ ಸಾಲಿನಲ್ಲಿ ಮೂರ್ಛೆ ಹೋಗುವುದು ಹೀಗೆ.

ಇದು ಮುನ್ಸೂಚನೆ ಕೊಟ್ಟೇ ಬರುತ್ತದೆ. ಆಕಳಿಕೆ, ಹೊಟ್ಟೆ ತೊಳಸುವುದು, ತಣ್ಣನೆ ಬೆವರು, ಕಣ್ಣು ಮಂಜಾಗುವುದು, ಶಬ್ದಗಳು ದೂರದಿಂದ ಬಂದಂತೆ ಕೇಳಿಸುವುದು. ಹೀಗೆನಿಸಿದರೆ ಸಾಲು ತಪ್ಪೀತೆಂದು ಹೆದರದೆ ಕೂಡಲೇ ಕುಳಿತುಬಿಡಿ. ಕೂರಲು ಜಾಗವಿಲ್ಲದಿದ್ದರೆ ಒಂದು ಕಾಲಿನ ಮೇಲೆ ಇನ್ನೊಂದನ್ನು ಅಡ್ಡ ಇಟ್ಟು ತೊಡೆ ಮತ್ತು ಹೊಟ್ಟೆಯ ಸ್ನಾಯುಗಳನ್ನು ಬಿಗಿ ಹಿಡಿಯಿರಿ. ಕೈಗಳನ್ನು ಪರಸ್ಪರ ಹಿಡಿದು ಬಲವಾಗಿ ಎಳೆಯಿರಿ. ಸಾಲಿನಲ್ಲಿರುವಷ್ಟು ಹೊತ್ತೂ ಆಗಾಗ ತುದಿಗಾಲ ಮೇಲೆ ಏಳುತ್ತಿರಿ. ಯಾರಾದರೂ ಬಿದ್ದರೆ ಅವರನ್ನು ಎತ್ತಿ ನಿಲ್ಲಿಸಬೇಡಿ. ಅಂಗಾತ ಮಲಗಿಸಿ, ಕಾಲನ್ನು ಒಂದಡಿ ಎತ್ತರಿಸಿ. ಪೂರ್ತಿ ಎಚ್ಚರವಾಗುವ ತನಕ ಬಾಯಿಗೆ ನೀರು ಹಾಕಬಾರದು. ಕೈಗೆ ಕಬ್ಬಿಣ ಕೊಡುವ, ಮೂಗಿಗೆ ಈರುಳ್ಳಿ ಹಿಡಿಯುವ ಪದ್ಧತಿಗಳಿಂದ ಹೊತ್ತು ಹೋಗುತ್ತದೆ ಅಷ್ಟೆ.

ಮೂರ್ಛೆಗಿಂತ ಘೋರವಾದದ್ದು ಉಷ್ಣಾಘಾತ. ಮೈಬಿಸಿ 40 ಡಿಗ್ರಿ ಸೆಲ್ಸಿಯಸ್ ದಾಟಿ, ವ್ಯಕ್ತಿ ಅಸಂಬದ್ಧವಾಗಿ ಮಾತನಾಡುತ್ತಾನೆ ಅಥವಾ ಪ್ರಜ್ಞೆ ತಪ್ಪುತ್ತಾನೆ. 108ಕ್ಕೆ ಕರೆ ಮಾಡಿ. ಗಾಡಿ ಬರುವವರೆಗೆ ಕಾಯದೆ ನೆರಳಿಗೆ ಒಯ್ದು ಬಟ್ಟೆ ಸಡಿಲಿಸಿ, ಮೈಮೇಲೆ ನೀರು ಸುರಿದು ಗಾಳಿ ಬೀಸಿ, ಕಂಕುಳು ಮತ್ತು ತೊಡೆಸಂದಿಗೆ ಮಂಜುಗಡ್ಡೆ ಇಡಿ. ಬೆಂಗಳೂರು ತಂಪಿನ ಊರು, ಇಲ್ಲಿ ಅದೆಲ್ಲ ಎಲ್ಲಿ ಎನ್ನುವವರಿಗೆ ಒಂದು ಮಾತು: 2016ರ ಏಪ್ರಿಲ್‌ನಲ್ಲಿ ಇಲ್ಲಿನ ಉಷ್ಣಾಂಶ 39 ಡಿಗ್ರಿ ದಾಟಿತ್ತು.

ವಯಸ್ಸಾದವರಿಗೆ ಬಾಯಾರಿಕೆಯ ಅರಿವೇ ಮಂದವಾಗಿರುತ್ತದೆ. ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರು, ಪ್ರಾಸ್ಟೇಟ್ ತೊಂದರೆಗೆ ಔಷಧ ತೆಗೆದುಕೊಳ್ಳುವವರು ಬಿಸಿಲಿನ ಸಾಲಿನಲ್ಲಿ ಬೇಗ ತಲೆ ತಿರುಗಿ ಬೀಳುತ್ತಾರೆ. ಅಜ್ಜನನ್ನು ಪಂದ್ಯಕ್ಕೆ ಕರೆದೊಯ್ಯಬೇಡಿ ಎನ್ನುತ್ತಿಲ್ಲ. ಅವರನ್ನು ನೆರಳಿನಲ್ಲಿ ಕೂರಿಸಿ, ಸಾಲಿನಲ್ಲಿ ನೀವು ನಿಲ್ಲಿ.

ಸಕ್ಕರೆ ಕಾಯಿಲೆಯವರ ಲೆಕ್ಕ ಬೇರೆ. ವಿರಾಮದಲ್ಲಿ ತಿನ್ನುತ್ತೇನೆಂದು ಇನ್ಸುಲಿನ್ ಚುಚ್ಚಿಕೊಂಡೋ ಮಾತ್ರೆ ನುಂಗಿಯೋ ಹೊರಟವರಿಗೆ ಸಾಲಿನಿಂದಾಗಿ ಊಟ ಒಂದು ಗಂಟೆ ತಡವಾದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಕೈ ನಡುಕ, ಬೆವರು, ಕಾರಣವಿಲ್ಲದ ಸಿಟ್ಟು, ಮಂಕು ಇದರ ಲಕ್ಷಣ. ಪಂದ್ಯ ಸೋಲುತ್ತಿರುವಾಗ ಸಿಟ್ಟು, ಬೆವರು ಎಲ್ಲರಿಗೂ ಇರುವುದರಿಂದ ಪಕ್ಕದವರಿಗೆ ಗೊತ್ತೇ ಆಗುವುದಿಲ್ಲ! ಜೇಬಿನಲ್ಲಿ ಗ್ಲೂಕೋಸ್ ಪುಡಿಯ ಸಣ್ಣ ಪೊಟ್ಟಣವಿರಲಿ. ಮೂರು ಚಮಚದಷ್ಟು, ಎಂದರೆ 15 ಗ್ರಾಂ ತಿಂದು ಹದಿನೈದು ನಿಮಿಷ ನೋಡಿ, ಸರಿಹೋಗದಿದ್ದರೆ ಇನ್ನೊಮ್ಮೆ. ನಾನು ಮೇಲೆ ಬೈದ ಕೋಲಾ ಈ ಒಂದು ಸಂದರ್ಭದಲ್ಲಿ ಮಾತ್ರ ಔಷಧ, ಅದೂ ಡಯಟ್ ಎಂದು ಬರೆದಿರದ ಬಾಟಲಿ.

ಯಾರೂ ಮಾತನಾಡದ ಸಾಲು

ಅಂಗಡಿಯ ಸಾಲಿಗಿಂತ ಆರೋಗ್ಯಕ್ಕೆ ಹೆಚ್ಚು ಕೆಡುಕು ಮಾಡುವುದು ಶೌಚಾಲಯದ ಸಾಲು, ಅದರಲ್ಲೂ ಹೆಂಗಸರದು. ಗಂಡಸರಿಗಿಂತ ಅವರಿಗೆ ಹೊತ್ತು ಹೆಚ್ಚು ಬೇಕು, ಜೊತೆಗೆ ಮಕ್ಕಳನ್ನೂ ಅವರೇ ಕರೆದೊಯ್ಯುತ್ತಾರೆ. ಆದ್ದರಿಂದ ಸಮಸಂಖ್ಯೆಯ ಶೌಚಾಲಯ ಸಮಾನತೆಯಲ್ಲ. ನ್ಯೂಯಾರ್ಕ್ ನಗರ 2005ರಲ್ಲಿ ಹೊಸ ಕ್ರೀಡಾಂಗಣ, ರಂಗಮಂದಿರ ಮೊದಲಾದೆಡೆ ಗಂಡಸರ ಒಂದಕ್ಕೆ ಹೆಂಗಸರ ಎರಡು ಇರಬೇಕೆಂದು ಕಾನೂನು ಮಾಡಿತು. ನಮ್ಮಲ್ಲಿ ಹೆಂಗಸರು ಕಂಡುಕೊಂಡ ದಾರಿ ಬೇರೆ: ಬೆಳಗಿನಿಂದಲೇ ನೀರು ಕುಡಿಯದಿರುವುದು. ಮೂತ್ರ ಗಟ್ಟಿಯಾಗಿ, ಗಂಟೆಗಟ್ಟಲೆ ಚೀಲದಲ್ಲೇ ಉಳಿದು, ಸೋಂಕಿಗೆ ದಾರಿಯಾಗುತ್ತದೆ. ಪಂದ್ಯ ನೋಡಿ ಬಂದ ಎರಡು ದಿನಕ್ಕೆ ಉರಿಮೂತ್ರ, ಕೆಳಹೊಟ್ಟೆ ನೋವು ಬಂದರೆ ಅದನ್ನು ಬರೀ ‘ಉಷ್ಣ’ ಎಂದು ತಳ್ಳಿಹಾಕಬೇಡಿ. ಗರ್ಭಿಣಿಯರು ಅಂಥ ದಿನವೇ ವೈದ್ಯರಿಗೆ ತೋರಿಸಬೇಕು. ಗಂಡಸರೂ ಸುಖಿಗಳೇನಲ್ಲ. ಪ್ರಾಸ್ಟೇಟ್ ಊದಿರುವ ಅರವತ್ತು ದಾಟಿದವರು ಬಿಯರ್ ಕುಡಿದು, ಪಂದ್ಯದ ಆಸೆಗೆ ತಡೆದುಕೊಂಡು ಕೂತರೆ ಮೂತ್ರವೇ ಪೂರ್ತಿ ಕಟ್ಟಿ ಆಸ್ಪತ್ರೆಗೆ ಓಡಬೇಕಾಗಬಹುದು.

ಇಲ್ಲಿಯೂ ವ್ಯಾಪಾರದ ನಂಟಿದೆ. ವಿರಾಮದ 20 ನಿಮಿಷವನ್ನು ಶೌಚಾಲಯದ ಮುಂದೆ ಕಳೆದವರು ಅಂಗಡಿಗೆ ಬರುವುದಿಲ್ಲ. ಶೌಚಾಲಯಕ್ಕೆ ಹೆದರಿದವರು ಕುಡಿಯಲು ಏನನ್ನೂ ಕೊಳ್ಳುವುದಿಲ್ಲ. ಹತ್ತು ಶೌಚಾಲಯ ಕಟ್ಟಿಸುವುದು ಹತ್ತು ಅಂಗಡಿ ತೆರೆಯುವುದಕ್ಕಿಂತ ಲಾಭವಾದೀತು ಎಂದು ಕ್ರೀಡಾಂಗಣಗಳ ಆಡಳಿತಕ್ಕೆ ಯಾರಾದರೂ ಲೆಕ್ಕ ಹಾಕಿ ತೋರಿಸಬೇಕು.

ಸಾಲು ಗುಂಪಾದಾಗ

2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಬೆಂಗಳೂರಿನ ತಂಡ ಮೊದಲ ಬಾರಿ ಐಪಿಎಲ್ ಗೆದ್ದಿತು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಹೊರಗೆ 11 ಮಂದಿ ಸತ್ತರು. ಸುಮಾರು 35 ಸಾವಿರ ಜನರ ಕ್ರೀಡಾಂಗಣಕ್ಕೆ ಎರಡು ಲಕ್ಷಕ್ಕೂ ಮೀರಿ ಜನ ಬಂದಿದ್ದರೆಂದು ಸರ್ಕಾರವೇ ಹೇಳಿತು. ನಾವು ಇಂಥದ್ದನ್ನು ಕಾಲ್ತುಳಿತ ಎನ್ನುತ್ತೇವೆ. ಆದರೆ ಇಂಥ ಗುಂಪುಗಳಲ್ಲಿ ಬಹಳಷ್ಟು ಸಾವು ತುಳಿತದಿಂದಲ್ಲ, ಉಸಿರು ಕಟ್ಟಿ ಆಗುತ್ತದೆ. ನಾಲ್ಕೂ ಕಡೆಯಿಂದ ಒತ್ತಿದಾಗ ಎದೆಗೂಡು ಹಿಗ್ಗಲು ಜಾಗವಿರುವುದಿಲ್ಲ, ನಿಂತಲ್ಲೇ ಉಸಿರು ನಿಲ್ಲುತ್ತದೆ. ಇಂಗ್ಲೆಂಡಿನ ಹಿಲ್ಸ್‌ಬರೋ ಫುಟ್‌ಬಾಲ್ ಮೈದಾನದಲ್ಲಿ 1989ರ ಏಪ್ರಿಲ್ 15ರಂದು ನಡೆದ ದುರಂತವೂ ಇದೇ ಬಗೆಯದು. ಅಲ್ಲಿ 97 ಜೀವ ಹೋಯಿತು. ಅದಕ್ಕೆ ಮುನ್ನ ಹೊರಗಿನ ಸಾಲು ಗೇಟುಗಳಲ್ಲಿ ಸಿಕ್ಕಿಕೊಂಡಿತ್ತು.

ಒಂದು ಚದರ ಮೀಟರ್ ಜಾಗದಲ್ಲಿ ಐದಕ್ಕಿಂತ ಹೆಚ್ಚು ಜನ ಸೇರಿದರೆ ಅಪಾಯ ಆರಂಭವಾಯಿತೆಂದು ತಿಳಿಯಿರಿ. ಅಳತೆ ಪಟ್ಟಿ ಬೇಡ. ಕೈಯೆತ್ತಿ ಮುಖ ಒರೆಸಿಕೊಳ್ಳಲು ಕಷ್ಟವಾಗುತ್ತಿದ್ದರೆ, ನಾಲ್ಕೂ ಕಡೆ ಭುಜಗಳು ತಗಲುತ್ತಿದ್ದರೆ, ಟಿಕೆಟ್ ಹೋದರೂ ಸರಿ, ಹೊರಬನ್ನಿ. ನೇರವಾಗಿ ಹಿಂದಕ್ಕೆ ನುಗ್ಗದೆ, ಒತ್ತಡದ ಅಲೆ ಇಳಿದ ಹೊತ್ತಿನಲ್ಲಿ ಓರೆಯಾಗಿ ಅಂಚಿನತ್ತ ಸರಿಯಿರಿ. ಕೈಗಳನ್ನು ಮಡಿಸಿ ಎದೆಯ ಮುಂದೆ ಇರಿಸಿಕೊಂಡರೆ ಉಸಿರಾಡಲು ಜಾಗ ಉಳಿಯುತ್ತದೆ. ಬಿದ್ದ ಚಪ್ಪಲಿಗೆ, ಫೋನಿಗೆ ಬಗ್ಗಲೇಬಾರದು. ಗೋಡೆ, ಬೇಲಿಗಳ ಪಕ್ಕ ನಿಲ್ಲಬೇಡಿ. ಪುಟ್ಟ ಮಕ್ಕಳನ್ನು ಇಂಥ ಸಂಭ್ರಮಗಳಿಗೆ ಕರೆದೊಯ್ಯದಿರುವುದೇ ಮೇಲು.

ಸಾಮಾನ್ಯ ಪಂದ್ಯದ ದಿನಕ್ಕೆ ಬೇಕಾದ ಸಿದ್ಧತೆ ಹೆಚ್ಚೇನಿಲ್ಲ. ಮನೆಯಿಂದ ಹೊರಡುವ ಎರಡು ಗಂಟೆ ಮೊದಲು ಎರಡು ಲೋಟ ನೀರು ಕುಡಿದು, ಹೊರಡುವ ಮುಂಚೆ ಶೌಚಾಲಯಕ್ಕೆ ಹೋಗಿ ಬನ್ನಿ. ಹೊಟ್ಟೆ ತುಂಬ ಮೊಸರನ್ನವೋ ಮುದ್ದೆಯೋ ಉಂಡು ಹೋದರೆ ಅರ್ಧ ಸಾಲು ಅಲ್ಲೇ ಉಳಿಯಿತು. ಒಳಗೆ ಹೋದ ಕೂಡಲೇ, ಆಟ ಶುರುವಾಗುವ ಮೊದಲು ನೀರು ಕೊಂಡುಕೊಳ್ಳಿ. ವಿರಾಮಕ್ಕೆ ಕಾಯದೆ, ಮನಸ್ಸು ಗಟ್ಟಿ ಮಾಡಿಕೊಂಡು, ವಿಕೆಟ್ ಬೀಳುವ ಲಕ್ಷಣವಿಲ್ಲದ ಓವರಿನಲ್ಲಿ ಎದ್ದು ಹೋಗಿ. ಮನೆಗೆ ಬಂದ ಮೇಲೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಮಟ್ಟ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಸ್ವಲ್ಪ ಸ್ವಲ್ಪವಾಗಿ ಕುಡಿಯಿರಿ, ಚಮಚ ಚಹಾದ್ದಿರಲಿ. ಸಕ್ಕರೆ ಕಾಯಿಲೆ, ಹೃದಯದ ಅಥವಾ ಮೂತ್ರಪಿಂಡದ ತೊಂದರೆ ಇರುವವರು ಇದನ್ನು ವೈದ್ಯರನ್ನು ಕೇಳಿಯೇ ಮಾಡಬೇಕು. ರಾತ್ರಿ ಮಲಗುವ ಮುನ್ನ ಮೂತ್ರದ ಬಣ್ಣ ನೋಡಿಕೊಳ್ಳಿ. ತಿಳಿ ಹಳದಿಯಿದ್ದರೆ ಸರಿ. ಕಡು ಹಳದಿಯಿದ್ದರೆ ಇನ್ನೂ ನೀರು ಬೇಕು. ಮಧ್ಯಾಹ್ನದಿಂದ ಎಂಟು ಗಂಟೆಗಳಾದರೂ ಮೂತ್ರವೇ ಆಗಿಲ್ಲದಿದ್ದರೆ, ಬೆಳಗಾಗಲಿ ಎಂದು ಕಾಯದೆ ವೈದ್ಯರ ಬಳಿ ಹೋಗಿ.